ರಾಬರ್ಟ್ ಬ್ರೂಸ್ ಫೂಟ್ (1834–1912)

ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯ, ಬಳ್ಳಾರಿ

1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಸೇರಿದ ಫೂಟ್, 1863ರಲ್ಲಿ ಮದ್ರಾಸ್ ಬಳಿಯ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಆಯುಧವನ್ನು ಗುರುತಿಸಿದರು. ಸಂಡೂರು ಬೆಟ್ಟಗಳ ಕಬ್ಬಿಣದ ಅದಿರನ್ನೂ ವಿವರಿಸುವ ಅವರ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ ವರದಿ 1895ರಲ್ಲಿ ಪ್ರಕಟವಾಯಿತು.

ಹಂಪಿ ಬಳಿಯ ನಿಂಬಾಪುರದ ಬೂದಿದಿಬ್ಬ ವಾಲಿಯ ಚಿತಾಭಸ್ಮವೆಂದು ಜನರ ನಂಬಿಕೆ. ಈ ಸೀಮೆಯ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳ ಕಾಲದಲ್ಲಿ ಸುಟ್ಟ ಸಗಣಿಯ ರಾಶಿಗಳೆಂದು ಫೂಟ್ ಹೇಳಿದರು. ಮುಂದಿನ ಉತ್ಖನನಗಳು ಅದನ್ನು ಸಮರ್ಥಿಸಿದವು.

ಕಲ್ಲುಕೊಡಲಿಗಳನ್ನು ಹತ್ತಿರದಿಂದ ನೋಡಿ: ಕಪ್ಪು ಡಾಲರೈಟ್ ಕಲ್ಲಿನಿಂದ ಚಕ್ಕೆ ಎಬ್ಬಿಸಿ, ಬಂಡೆಗೆ ಉಜ್ಜಿ ಅಲಗನ್ನು ನುಣುಪು ಮಾಡಲಾಗಿದೆ. ಉಜ್ಜಿ ಸವೆದ ಗುಳಿಗಳು ಸಂಗನಕಲ್ಲು ಗುಡ್ಡಗಳಲ್ಲಿ ಇಂದಿಗೂ ಇವೆ. ಫೂಟ್ ಅವರ ಸ್ವಂತ ಸಂಗ್ರಹ ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.