ಶಾಲೆಗೆ ಬೆದರಿಕೆ ಮೇಲ್ ಬಂದರೆ ಗೇಟಿಗೆ ಓಡಬೇಕೆ? ಫಸ್ಟ್ ಏಡ್ ಡಬ್ಬಿಯಲ್ಲಿ ಏನಿರಬೇಕು?

2023ರ ಡಿಸೆಂಬರ್ 1ರ ಬೆಳಿಗ್ಗೆ ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್ ಬಂತು. ಬಸವೇಶ್ವರನಗರವೂ ಆ ಪಟ್ಟಿಯಲ್ಲಿತ್ತು. ಪೊಲೀಸರು ಹುಡುಕಿದರು, ಎಲ್ಲೂ ಏನೂ ಸಿಗಲಿಲ್ಲ. 2025ರ ಜುಲೈ 18ರಂದು ಕೆಂಗೇರಿ, ರಾಜರಾಜೇಶ್ವರಿನಗರದ ಕಡೆಯ ಶಾಲೆಗಳಿಗೂ ಅಂಥದೇ ಮೇಲ್ ಬಂತು, ಅದೂ ಹುಸಿಯೇ. ಮೇಲ್ ಬಂದದ್ದು ಖಾಸಗಿ ಶಾಲೆಗಳಿಗೆ. ಆದರೆ ಪ್ರಶ್ನೆ ಸರ್ಕಾರಿ ಶಾಲೆಗೂ ಅದೇ: ಏನಾದರೂ ಆದರೆ ನಮ್ಮ ತಯಾರಿ ಏನು?

ಅಂಥ ದಿನ ವಾಟ್ಸಾಪ್‌ನಲ್ಲಿ ಹರಿದಾಡುವ ಸಂದೇಶ, "ತಕ್ಷಣ ಮಕ್ಕಳನ್ನು ಕರೆದುಕೊಂಡು ಬನ್ನಿ". ಇದನ್ನು ಪಾಲಿಸಬೇಡಿ. ನೂರು ಸ್ಕೂಟರ್ ಗೇಟಿನ ಮುಂದೆ ನಿಂತರೆ ಅಗ್ನಿಶಾಮಕ ವಾಹನಕ್ಕೆ, ಆಂಬುಲೆನ್ಸ್‌ಗೆ ದಾರಿ ಇರುವುದಿಲ್ಲ. ಟೀಚರ್ ಮೈದಾನದಲ್ಲಿ ಹಾಜರಿ ಪುಸ್ತಕ ಹಿಡಿದು ತಲೆ ಎಣಿಸುತ್ತಿರುವಾಗ ನೀವು ಹೇಳದೆ ಮಗುವನ್ನು ಕರೆದೊಯ್ದರೆ, ಆ ಒಂದು ಮಗುವಿಗಾಗಿ ಯಾರೋ ಮತ್ತೆ ಕಟ್ಟಡದೊಳಗೆ ಹೋಗಬೇಕಾಗುತ್ತದೆ. ಶಾಲೆಯಿಂದಲೇ ಸಂದೇಶ ಬರಲಿ, ಸಹಿ ಹಾಕಿ ಕರೆದೊಯ್ಯಿರಿ. ಮಗುವಿನ ಬ್ಯಾಗಿನಲ್ಲಿ ಎರಡು ಫೋನ್ ನಂಬರ್ ಚೀಟಿಯಲ್ಲಿ ಬರೆದಿಡಿ. (ನಮ್ಮಲ್ಲೇ ಎಷ್ಟು ಜನಕ್ಕೆ ಮನೆಯವರ ನಂಬರ್ ಬಾಯಿಗೆ ಬರುತ್ತದೆ?)

ಬಾಂಬಿಗಿಂತ ನಿಜವಾದ ಅಪಾಯ ಬೆಂಕಿ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಶಾಲೆಯ ಅಡುಗೆಮನೆಯ ಕಿಡಿ ಗರಿಯ ಮಾಡಿಗೆ ಹತ್ತಿ 94 ಮಕ್ಕಳು ತೀರಿಕೊಂಡರು. ಅದರ ನಂತರ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ 2009ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ಇರಲಿ ಖಾಸಗಿ ಇರಲಿ, ಶಾಲೆಗಳಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲೇಬೇಕು ಎಂದಿತು. ಹಾಗಾಗಿ ಕೇಳುವ ಹಕ್ಕು ನಮಗಿದೆ.

ಆದರೆ ಗೋಡೆಯಲ್ಲಿ ಕೆಂಪು ಸಿಲಿಂಡರ್ ನೇತಾಡುತ್ತಿದ್ದರೆ ಸಾಲದು. ಪೌಡರ್ ಸಿಲಿಂಡರ್ ಆದರೆ ಮೇಲಿನ ಮೀಟರ್ ಮುಳ್ಳು ಹಸಿರು ಭಾಗದಲ್ಲಿರಬೇಕು. ಸಿಒ2 ಸಿಲಿಂಡರಿಗೆ ಮೀಟರೇ ಇರುವುದಿಲ್ಲ, ಅದನ್ನು ತೂಕ ಹಾಕಿ ನೋಡುತ್ತಾರೆ. ಎರಡರಲ್ಲೂ ಸರ್ವಿಸ್ ತಾರೀಖಿನ ಚೀಟಿ ನೋಡಿ. ಪಿನ್ ಎಳೆಯುವುದು ಅಡುಗೆಯವರಿಗೂ ಗೊತ್ತಿರಬೇಕು, ಟೀಚರಿಗೆ ಮಾತ್ರವಲ್ಲ. ಎಣ್ಣೆ ಬಾಣಲೆಗೆ ಬೆಂಕಿ ಹತ್ತಿದರೆ ನೀರು ಸುರಿಯಲೇಬಾರದು, ಉರಿ ಇನ್ನೂ ಎದ್ದು ಹರಡುತ್ತದೆ. ಹತ್ತಿರ ಹೋಗುವಷ್ಟು ಚಿಕ್ಕ ಬೆಂಕಿಯಾದರೆ ಸ್ಟೌ ಆರಿಸಿ, ಮುಚ್ಚಳ ಹಾಕಿ.

ಇನ್ನು ಫಸ್ಟ್ ಏಡ್ ಡಬ್ಬಿ. ಗಾಜ್ ಬಟ್ಟೆ, ರೋಲರ್ ಬ್ಯಾಂಡೇಜ್, ಅಂಟು ಟೇಪ್, ಕತ್ತರಿ, ಕೈಗವಸು, ಸೋಪು, ಥರ್ಮಾಮೀಟರ್, ಓಆರ್‌ಎಸ್ ಪ್ಯಾಕೆಟ್ ಇಷ್ಟಿದ್ದರೆ ಬಹುಪಾಲು ಕೆಲಸ ಆಗುತ್ತದೆ. ಮಾತ್ರೆಗಳ ರಾಶಿ ಬೇಡ. ಮಕ್ಕಳಿಗೆ ವೈದ್ಯರು ಹೇಳದೆ ಆಸ್ಪಿರಿನ್ ಕೊಡಲೇಬಾರದು. ಆಸ್ತಮಾ ಇರುವ ಮಗುವಿನ ಇನ್‌ಹೇಲರ್ ಹೆಸರು ಬರೆದು ತರಗತಿಯಲ್ಲೇ ಇರಲಿ.

ಫಾರ್ವರ್ಡ್‌ಗಳು ಇಲ್ಲೂ ಬಿಡುವುದಿಲ್ಲ. ಸುಟ್ಟಗಾಯಕ್ಕೆ ಟೂತ್‌ಪೇಸ್ಟ್ ಎನ್ನುತ್ತಾರೆ. ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಿರಿ, ಐಸ್ ಬೇಡ. ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸುವುದು ತಪ್ಪು, ರಕ್ತ ಗಂಟಲಿಗೆ ಇಳಿಯುತ್ತದೆ. ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು 10 ನಿಮಿಷ ಬಿಡದೆ ಹಿಡಿಯಿರಿ. ಫಿಟ್ಸ್ ಬಂದ ಮಗುವಿನ ಕೈಗೆ ಕಬ್ಬಿಣ, ಕೀ ಕೊಡುವುದರಿಂದ ಏನೂ ಆಗದು. ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಮಲಗಿಸಿ ಗಡಿಯಾರ ನೋಡಿ. 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಎರಡೂ ಬೇಡ. ಮಗುವನ್ನು ನಡೆಸದೆ ಎತ್ತಿಕೊಂಡು ಆಸ್ಪತ್ರೆಗೆ ಒಯ್ಯಿರಿ.

ಮುಂದಿನ ಎಸ್‌ಡಿಎಂಸಿ ಸಭೆಗೆ ಹೋದಾಗ ಡಬ್ಬಿಯನ್ನು ತೆರೆಸಿ ನೋಡಿ, ಎಕ್ಸ್‌ಪೈರಿ ತಾರೀಖು ಓದಿ. ಅದರ ಬೀಗದ ಕೀ ಯಾರ ಹತ್ತಿರ, ಅವರು ರಜೆಯಲ್ಲಿದ್ದರೆ ಯಾರ ಹತ್ತಿರ ಎಂದೂ ಕೇಳಿ.