ಗ್ರಾಫೀನಿನಲ್ಲಿ ಲೋಹಕಲ್ಮಶ: ಒಂದು ಹಳೆಯ ಪ್ರಶ್ನೆಯ ಇತಿಹಾಸ

ಪೆನ್ಸಿಲನ್ನು ನಮ್ಮ ಹಿರಿಯರು ‘ಸೀಸದ ಕಡ್ಡಿ’ ಎಂದು ಕರೆಯುತ್ತಿದ್ದರು. ಅದರಲ್ಲಿ ಬರೆಯುವ ಭಾಗ ಗ್ರಾಫೈಟೇ ಹೊರತು ಸೀಸವಲ್ಲ. ಆ ಕಪ್ಪು ಖನಿಜವನ್ನು ಸೀಸದ ಬಂಧುವೆಂದು ಭಾವಿಸಿ ಯೂರೋಪಿನವರು ‘ಪ್ಲಂಬೇಗೊ’ ಎಂದು ಹೆಸರಿಟ್ಟಿದ್ದರು. ಗ್ರಾಫೈಟಿನಲ್ಲಿ ಲೋಹವಿದೆಯೆ, ಇದ್ದರೆ ಅದು ಘಟಕವೊ ಕಲ್ಮಶವೊ ಎಂಬ ಪ್ರಶ್ನೆ ಹೀಗೆ ಆ ಹೆಸರಿನಷ್ಟೇ ಹಳೆಯದು. ಗ್ರಾಫೈಟಿನ ಒಂದೇ ಪರಮಾಣುವಿನಷ್ಟು ದಪ್ಪದ ಪದರವಾದ ಗ್ರಾಫೀನನ್ನು ಕುರಿತ ಈಚಿನ ವಿವಾದವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸ್ವೀಡನ್ನಿನ ರಸಾಯನವಿಜ್ಞಾನಿ ಷೀಲೆ 1779ರಲ್ಲಿ ಪ್ಲಂಬೇಗೊವನ್ನು ಪರೀಕ್ಷಿಸಿ, ಅದು ಉರಿದಾಗ ಇಂದು ನಾವು ಇಂಗಾಲದ ಡೈ ಆಕ್ಸೈಡ್ ಎನ್ನುವ ಅನಿಲ ಹೊರಡುವುದನ್ನೂ ಸ್ವಲ್ಪ ಕಬ್ಬಿಣ ಉಳಿಯುವುದನ್ನೂ ಕಂಡನು. ಸೀಸದ ಮಾತು ಅಲ್ಲಿಗೆ ಮುಗಿಯಿತು. ಆದರೆ ಕಬ್ಬಿಣದ ಮಾತು ಆರಂಭವಾಯಿತು. 1786ರಲ್ಲಿ ವಾಂಡರ್‌ಮಾಂಡ್, ಬರ್ತೊಲೆ ಮತ್ತು ಮಾಂಜ್ ಎಂಬ ಫ್ರೆಂಚ್ ವಿದ್ವಾಂಸರು ಕಬ್ಬಿಣ ಮತ್ತು ಉಕ್ಕುಗಳನ್ನು ಕುರಿತ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ಪ್ಲಂಬೇಗೊ ಎಂಬುದು ಇಂಗಾಲವು ಕಬ್ಬಿಣದೊಡನೆ ಕೂಡಿ ಆದ ವಸ್ತು ಎಂದು ನಿರೂಪಿಸಿದರು. 1789ರಲ್ಲಿ ವೆರ್ನರ್ ‘ಬರೆ’ ಎಂಬರ್ಥದ ಗ್ರೀಕ್ ಧಾತುವಿನಿಂದ ಗ್ರಾಫೈಟ್ ಎಂಬ ಹೆಸರನ್ನು ಸೃಷ್ಟಿಸಿದ ಮೇಲೂ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳ ಪಠ್ಯಗ್ರಂಥಗಳಲ್ಲಿ ಅದು ‘ಕಬ್ಬಿಣದ ಕಾರ್ಬ್ಯುರೆಟ್’ ಆಗಿಯೇ ಉಳಿದಿತ್ತು. ಅಂದಿನವರು ಅಳತೆಯಲ್ಲಿ ತಪ್ಪಿದರೆನ್ನಲಾಗದು. ಅವರು ತೂಗಿದ ಕಬ್ಬಿಣ ನಿಜವಾಗಿಯೂ ಅಲ್ಲಿತ್ತು. ಅದಕ್ಕೆ ಕೊಟ್ಟ ಸ್ಥಾನ ಮಾತ್ರ ಸರಿಯಾಗಿರಲಿಲ್ಲ.

ಗ್ರಾಫೈಟ್ ಶುದ್ಧ ಇಂಗಾಲದ ಒಂದು ರೂಪವೆಂಬುದು ಸ್ಥಿರಪಟ್ಟ ಮೇಲೆ ಲೋಹದ ಪ್ರಶ್ನೆ ಹಿಂದೆ ಸರಿಯಿತು. 1859ರಲ್ಲಿ ಬ್ರೋಡಿಯು ಗ್ರಾಫೈಟನ್ನು ಪೊಟ್ಯಾಸಿಯಂ ಕ್ಲೋರೇಟ್ ಮತ್ತು ಹೊಗೆಯಾಡುವ ನೈಟ್ರಿಕ್ ಆಮ್ಲಗಳಿಂದ ಉತ್ಕರ್ಷಿಸಿ ಇಂದಿನ ಗ್ರಾಫೈಟ್ ಆಕ್ಸೈಡನ್ನು ಪಡೆದನು. ಅವನ ಗುರಿ ಗ್ರಾಫೈಟಿನ ಪರಮಾಣು ತೂಕವನ್ನು ನಿರ್ಣಯಿಸುವುದು. ಅದು 33 ಎಂಬ ಅವನ ತೀರ್ಮಾನ ನಿಲ್ಲಲಿಲ್ಲ, ವಿಧಾನ ನಿಂತಿತು. 1898ರಲ್ಲಿ ಸ್ಟೌಡನ್‌ಮಯರ್ ಅದಕ್ಕೆ ಗಂಧಕಾಮ್ಲವನ್ನು ಸೇರಿಸಿದನು. 1958ರಲ್ಲಿ ಹಮ್ಮರ್ಸ್ ಮತ್ತು ಆಫ್‌ಮನ್ ಕ್ಲೋರೇಟಿನ ಸ್ಥಾನದಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟನ್ನು ಬಳಸಿ, ಹಲವು ದಿನಗಳ ಕೆಲಸವನ್ನು ಕೆಲವು ಗಂಟೆಗಳಿಗೆ ಇಳಿಸಿದರು. ಈ ಕೊನೆಯ ಸುಧಾರಣೆಯೊಡನೆ ಪಾತ್ರೆಯೊಳಕ್ಕೆ ಮ್ಯಾಂಗನೀಸ್ ಹೇರಳವಾಗಿ ಪ್ರವೇಶಿಸಿತೆಂಬುದನ್ನು ಓದುಗರು ಗಮನಿಸಬೇಕು. ಗೈಮ್ ಮತ್ತು ನೊವೊಸೆಲೊವ್ 2004ರಲ್ಲಿ ಅಂಟುಪಟ್ಟಿಯಿಂದ ಗ್ರಾಫೀನ್ ಪದರವನ್ನು ಬಿಡಿಸಿ ತೋರಿಸಿ, 2010ರ ನೊಬೆಲ್ ಪಾರಿತೋಷಕವನ್ನು ಪಡೆದರು. ಆದರೆ ಅಂಟುಪಟ್ಟಿಯಿಂದ ಕಿಲೋಗ್ರಾಂಗಟ್ಟಲೆ ವಸ್ತು ದೊರೆಯದು. ಆದ್ದರಿಂದ ಬ್ರೋಡಿ ಮತ್ತು ಹಮ್ಮರ್ಸರ ಹಳೆಯ ಮಾರ್ಗಗಳೇ ಮತ್ತೆ ರೂಢಿಗೆ ಬಂದವು: ಗ್ರಾಫೈಟನ್ನು ಉತ್ಕರ್ಷಿಸುವುದು, ಪದರಗಳನ್ನು ಬಿಡಿಸುವುದು, ಬಳಿಕ ಅಪಕರ್ಷಿಸುವುದು.

ಎಚ್ಚರಿಕೆಯ ಮಾತು ಮೊದಲು ಕೇಳಿಬಂದದ್ದು ನೆರೆಯ ಕ್ಷೇತ್ರದಿಂದ. ಇಂಗಾಲದ ನ್ಯಾನೋ ನಳಿಕೆಗಳನ್ನು ಲೇಪಿಸಿದ ವಿದ್ಯುದಗ್ರಗಳು ಹೈಡ್ರಜೀನನ್ನು ಸುಲಭವಾಗಿ ಉತ್ಕರ್ಷಿಸುತ್ತವೆಂದು ಹಲವರು ವರದಿ ಮಾಡಿದ್ದರು. ಆಕ್ಸ್‌ಫರ್ಡಿನಲ್ಲಿ ಕಾಂಪ್ಟನ್ ಮತ್ತು ಅವರ ಸಂಗಡಿಗರು 2006ರಲ್ಲಿ, ಆ ಕೆಲಸ ನಳಿಕೆಯದಲ್ಲ, ಅದನ್ನು ಬೆಳೆಸಲು ಬಳಸಿದ ಕಬ್ಬಿಣದ ಶೇಷದ್ದು ಎಂದು ತೋರಿಸಿದರು. ಲೋಹದ ಕಣಗಳ ಸುತ್ತ ಇಂಗಾಲದ ಕವಚ ಕಟ್ಟಿಕೊಳ್ಳುವುದರಿಂದ ಆಮ್ಲದಲ್ಲಿ ತೊಳೆದರೂ ಅವು ಪೂರ್ಣವಾಗಿ ಹೋಗುವುದಿಲ್ಲ. ಗ್ರಾಫೀನ್ ಬೆಳೆಸಲು ಇಂಥ ಲೋಹ ಬೇಕಿಲ್ಲ, ಗ್ರಾಫೈಟಿನಿಂದಲೇ ಅದು ದೊರೆಯುವುದು, ಆದ್ದರಿಂದ ಅದು ಶುದ್ಧ ಎಂಬ ಸಮಾಧಾನ ಆಗ ಇದ್ದಿತು. ಸಿಂಗಪುರದಲ್ಲಿ ಪುಮೇರಾ ಮತ್ತು ಸಹೋದ್ಯೋಗಿಗಳು 2012ರಲ್ಲಿ ಪ್ರಕಟಿಸಿದ ಫಲಿತಾಂಶಗಳು ಈ ಸಮಾಧಾನವನ್ನು ಕದಲಿಸಿದವು. ಮೂಲ ಗ್ರಾಫೈಟಿನಲ್ಲಿದ್ದ ಲೋಹಗಳು ಉತ್ಕರ್ಷಣ ಅಪಕರ್ಷಣಗಳೆರಡನ್ನೂ ದಾಟಿ ಗ್ರಾಫೀನಿನಲ್ಲಿ ಉಳಿದಿದ್ದವು. ಅಷ್ಟೇ ಅಲ್ಲ, ಅದರ ವಿದ್ಯುದ್ರಾಸಾಯನಿಕ ಗುಣಗಳನ್ನು ಅವು ಗಣನೀಯವಾಗಿ ಬದಲಿಸುತ್ತಿದ್ದವು. ಷೀಲೆಯ ಕಬ್ಬಿಣ ಎಲ್ಲಿಯೂ ಹೋಗಿರಲಿಲ್ಲ.

ಇದು ಕೇವಲ ಶುಚಿತ್ವದ ಪ್ರಶ್ನೆಯಲ್ಲ. ಇಂಧನಕೋಶಗಳಲ್ಲಿ ಆಮ್ಲಜನಕವನ್ನು ಅಪಕರ್ಷಿಸಲು ದುಬಾರಿಯಾದ ಪ್ಲಾಟಿನಂ ಬೇಕು. ಅದರ ಬದಲಿಗೆ ಸಾರಜನಕವೇ ಮೊದಲಾದವನ್ನು ಬೆರೆಸಿದ ಗ್ರಾಫೀನ್ ‘ಲೋಹರಹಿತ’ ಕ್ರಿಯಾವರ್ಧಕವಾಗಬಲ್ಲದೆಂದು 2009ರ ನಂತರ ಅಸಂಖ್ಯ ಪ್ರಬಂಧಗಳು ಸಾರಿದವು. ಪುಮೇರಾ ತಂಡ 2013ರಲ್ಲಿ, ಅಂಥ ಪದಾರ್ಥದ ಚಟುವಟಿಕೆಗೆ ಲೇಶಮಾತ್ರದ ಲೋಹಗಳೇ, ಅದರಲ್ಲಿಯೂ ಮ್ಯಾಂಗನೀಸ್, ಕಾರಣವೆಂದು ವಾದಿಸಿತು. ‘ಲೋಹವಿಲ್ಲ’ ಎಂಬ ಘೋಷಣೆಗೆ ಅನೇಕರು ಆಧಾರವಾಗಿಟ್ಟುಕೊಂಡದ್ದು ಎಕ್ಸ್-ಕಿರಣ ದ್ಯುತಿ ಎಲೆಕ್ಟ್ರಾನ್ ರೋಹಿತವನ್ನು. ಆ ಉಪಕರಣ ಮೇಲ್ಮೈಯ ಕೆಲವೇ ನ್ಯಾನೋಮೀಟರ್ ಆಳವನ್ನು ನೋಡುತ್ತದೆ. ನೂರಕ್ಕೆ ಸುಮಾರು 0.1ಕ್ಕಿಂತ ಕಡಮೆ ಪರಮಾಣುಗಳಿದ್ದರೆ ಅದಕ್ಕೆ ಕಾಣವು. ಕಾಣದಿರುವುದನ್ನು ಇಲ್ಲದಿರುವುದೆಂದು ಬರೆದದ್ದೇ, ನನ್ನ ದೃಷ್ಟಿಯಲ್ಲಿ, ಈ ಪ್ರಕರಣದ ಮುಖ್ಯ ದೋಷ. ದ್ರಾವಣವಾಗಿಸಿ ಪ್ಲಾಸ್ಮಾ ದ್ರವ್ಯರಾಶಿ ರೋಹಿತದಿಂದ ಅಳೆದಾಗ ಅದೇ ಮಾದರಿ ಬೇರೆ ಸಾಕ್ಷ್ಯವನ್ನು ನುಡಿಯುತ್ತದೆ.

ಅನಿಲದಿಂದ ತಾಮ್ರದ ಹಾಳೆಯ ಮೇಲೆ ಬೆಳೆಸಿದ ಗ್ರಾಫೀನ್ ಕೂಡ ಇದಕ್ಕೆ ಹೊರತಲ್ಲ. ಅದನ್ನು ಸಿಲಿಕಾನಿಗೆ ವರ್ಗಾಯಿಸಿದಾಗ ಪ್ರತಿ ಚದರ ಸೆಂಟಿಮೀಟರಿನಲ್ಲಿ ಹತ್ತು ಲಕ್ಷ ಕೋಟಿಗೂ ಮಿಗಿಲಾದ ತಾಮ್ರ, ಕಬ್ಬಿಣದ ಪರಮಾಣುಗಳು ಉಳಿಯುವುದನ್ನೂ, ಕಾಯಿಸಿದರೆ ಅವುಗಳಲ್ಲಿ ಕೆಲವು ಚಲಿಸುವುದನ್ನೂ 2015ರ ಒಂದು ಅಧ್ಯಯನ ವರದಿ ಮಾಡಿತು.

ಆದರೂ ಸರ್ವ ಶ್ರೇಯಸ್ಸನ್ನೂ ಲೋಹಕ್ಕೆ ವಹಿಸುವುದು 1786ರ ತಪ್ಪನ್ನೇ ಮತ್ತೆ ಮಾಡಿದಂತಾದೀತು. ಜಪಾನಿನ ತ್ಸುಕುಬಾದಲ್ಲಿ ನಕಮುರಾ ಮತ್ತು ಸಂಗಡಿಗರು 2016ರಲ್ಲಿ ಸುವ್ಯವಸ್ಥಿತ ಗ್ರಾಫೈಟ್ ಮಾದರಿಗಳ ಮೇಲೆ ಪ್ರಯೋಗ ನಡೆಸಿ, ಪಿರಿಡಿನ್ ಬಗೆಯ ಸಾರಜನಕ ಹೆಚ್ಚಿದಂತೆ ಚಟುವಟಿಕೆಯೂ ಹೆಚ್ಚುವುದೆಂದೂ, ಅದರ ಪಕ್ಕದ ಇಂಗಾಲವೇ ಕ್ರಿಯಾಸ್ಥಾನವೆಂದೂ ತೋರಿಸಿದರು. ಇತ್ತ 2020ರಲ್ಲಿ ಪುಮೇರಾ ಮತ್ತು ಇಬ್ಬರು ಸಹಲೇಖಕರು ಗ್ರಾಫೀನಿಗೆ ಹಕ್ಕಿಯ ಹಿಕ್ಕೆಯನ್ನೇ ಬೆರೆಸಿ, ಬೆರಕೆಯಿಲ್ಲದ ಗ್ರಾಫೀನಿಗಿಂತ ಅದು ಉತ್ತಮ ಕ್ರಿಯಾವರ್ಧಕವೆಂದು ಗಂಭೀರವಾಗಿಯೇ ಪ್ರಕಟಿಸಿದರು. ವಿನೋದವಿದ್ದರೂ ಆ ಪ್ರಬಂಧದ ಗುರಿ ಸ್ಪಷ್ಟ: ಏನನ್ನು ಬೆರೆಸಿದರೂ ಚಟುವಟಿಕೆ ಹೆಚ್ಚುವುದಾದರೆ, ಹೆಚ್ಚಳವೊಂದೇ ಬೆರೆಸಿದ ವಸ್ತುವಿನ ಗುಣಕ್ಕೆ ಸಾಕ್ಷಿಯಾಗಲಾರದು.