ಹಕ್ಕಲಾಯುವ ಹೆಂಗಸರು

ಫ್ರೆಂಚ್ ಕಲಾವಿದ ಝಾನ್ ಫ್ರಾನ್ಸ್ವಾ ಮಿಲೆ (1814–1875) 1857ರಲ್ಲಿ ರಚಿಸಿದ ತೈಲಚಿತ್ರ. ಮೂಲ ಹೆಸರು ‘ದೆ ಗ್ಲಾನೋಜ್’. ವಾಸ್ತವವಾದಿ ಚಿತ್ರಕಲೆಯ ಮುಖ್ಯ ಕೃತಿಗಳಲ್ಲೊಂದು. ಸುಮಾರು 83.5 ಸೆಂ.ಮೀ. ಎತ್ತರ, 110 ಸೆಂ.ಮೀ. ಅಗಲದ ಈ ಕ್ಯಾನ್‌ವಾಸ್ ಪ್ಯಾರಿಸ್ಸಿನ ಓರ್ಸೆ ವಸ್ತುಸಂಗ್ರಹಾಲಯದಲ್ಲಿದೆ.

ವಸ್ತು: ಕೊಯ್ಲು ಮುಗಿದ ಹೊಲದಲ್ಲಿ ಉದುರಿ ಉಳಿದ ತೆನೆ ಹಕ್ಕಲು. ಅದನ್ನು ಆಯ್ದುಕೊಳ್ಳುವುದು ಫ್ರಾನ್ಸಿನಲ್ಲಿ ಬಡವರಿಗೆ ಹಿಂದಿನಿಂದ ಬಂದ ಹಕ್ಕು. ಆದರೆ ಬೆಳೆಯನ್ನು ಪೂರ್ತಿ ಸಾಗಿಸಿದ ಮೇಲೆ, ಸೂರ್ಯ ಹುಟ್ಟಿ ಮುಳುಗುವುದರೊಳಗೆ ಮಾತ್ರ ಆಯಬೇಕೆಂಬ ಕಟ್ಟಳೆಯಿತ್ತು. ನಾರ್ಮಂಡಿಯ ಗ್ರುಶಿ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ ಹುಟ್ಟಿದ ಮಿಲೆ 1849ರಲ್ಲಿ ಪ್ಯಾರಿಸ್ಸಿನ ಆಗ್ನೇಯಕ್ಕಿರುವ ಬಾರ್ಬಿಜಾನ್‌ನಲ್ಲಿ ನೆಲೆಸಿದ. ಹಕ್ಕಲಿನ ವಸ್ತು ಅವನನ್ನು ವರ್ಷಗಟ್ಟಲೆ ಕಾಡಿತ್ತು. 1853ರಲ್ಲೇ ಅದನ್ನು ಒಂದು ಉದ್ದನೆಯ ಚಿತ್ರದಲ್ಲಿ ಬಿಡಿಸಿದ್ದ.

ರಚನೆ: ಮುಂಭಾಗದಲ್ಲಿ ಮೂವರು ಹೆಂಗಸರು. ನೀಲಿ ತಲೆವಸ್ತ್ರದವಳು ಒಂದು ಕೈಯನ್ನು ಬೆನ್ನಿನ ಮೇಲಿಟ್ಟು ಇನ್ನೊಂದನ್ನು ನೆಲಕ್ಕೆ ಚಾಚಿದ್ದಾಳೆ. ಕೆಂಪು ತಲೆವಸ್ತ್ರದವಳು ತೆನೆಯೊಂದನ್ನು ಹೆಕ್ಕುತ್ತಿದ್ದಾಳೆ. ಮೂರನೆಯವಳು ಅರ್ಧ ಬಾಗಿ ನಿಂತಿದ್ದಾಳೆ. ಬಗ್ಗುವುದು, ಹೆಕ್ಕುವುದು, ಏಳುವುದು ಎಂಬ ಒಂದೇ ದುಡಿಮೆಯ ಹಂತಗಳನ್ನು ಮೂರು ದೇಹಗಳು ಹಂಚಿಕೊಂಡಿವೆ. ಮುಖಗಳು ನೆರಳಿನಲ್ಲಿ ಮರೆಯಾಗಿರುವುದರಿಂದ ನೋಟ ಬೆನ್ನು ಮತ್ತು ಕೈಗಳ ಮೇಲೆ ನಿಲ್ಲುತ್ತದೆ. ದೂರದ ಬಿಸಿಲಿನಲ್ಲಿ ದೊಡ್ಡ ಬಣವೆಗಳು, ಸಿವುಡು ತುಂಬಿದ ಬಂಡಿ, ಕೊಯ್ಲಿನವರ ಗುಂಪು. ಬಲಗಡೆ ಕುದುರೆಯೇರಿದ ಮೇಲ್ವಿಚಾರಕ. ಅಲ್ಲಿನ ರಾಶಿಗೂ ಇಲ್ಲಿನ ಹಿಡಿ ತೆನೆಗೂ ನಡುವಿನ ಬರಿಗೂಳೆಯ ನೆಲವೇ ಚಿತ್ರದ ತಿರುಳು. ಮೇಲ್ವಿಚಾರಕ ಬೆರಳಗಲವಾಗಿದ್ದರೆ ಹೆಕ್ಕುವವರು ಶಿಲ್ಪದಂತೆ ಗಟ್ಟಿಯಾಗಿ, ದೊಡ್ಡದಾಗಿ ಮೂಡಿದ್ದಾರೆ.

ಪ್ರತಿಕ್ರಿಯೆ: 1857ರ ಪ್ಯಾರಿಸ್ ಸಲಾನ್ ಪ್ರದರ್ಶನದಲ್ಲಿ ಚಿತ್ರ ವಿವಾದಕ್ಕೆ ಸಿಕ್ಕಿತು. 1848ರ ಕ್ರಾಂತಿಯ ನೆನಪು ಇನ್ನೂ ಹಸಿಯಾಗಿದ್ದ ಕಾಲವದು. ಬಡತನಕ್ಕೆ ಇಂಥ ಘನತೆ ಕೊಟ್ಟದ್ದರಲ್ಲಿ ಕೆಲವು ವಿಮರ್ಶಕರು ಬಂಡಾಯದ ಸುಳಿವು ಕಂಡರು. ಪಾಲ್ ದ ಸ್ಯಾಂ-ವಿಕ್ತೋರ್ ಈ ಮೂವರನ್ನು ದಾರಿದ್ರ್ಯದ ವಿಧಿದೇವತೆಯರೆಂದು ಹಂಗಿಸಿದ. ಎರಡು ವರ್ಷಗಳ ಬಳಿಕ ಜ್ಯೂಲ್ ಬ್ರೆತೋನ್ ಇದೇ ವಸ್ತುವನ್ನು ಸಂಜೆ ಹೊಲದಿಂದ ಮರಳುವ ಹೆಂಗಸರ ಚಿತ್ರವಾಗಿಸಿದ. ಅಲ್ಲಿ ಅವರ ನಡೆ ನೆಟ್ಟಗಿದೆ, ಸುಂದರವಾಗಿದೆ. ಮಿಲೆ ಬಾಗಿದ ಬೆನ್ನನ್ನು ಬಾಗಿದಂತೆಯೇ ಬಿಟ್ಟಿದ್ದ.

ನಂತರದ ಇತಿಹಾಸ: ಮೊದಲು 3,000 ಫ್ರಾಂಕಿಗೆ ಮಾರಾಟವಾದ ಚಿತ್ರ, 1889ರಲ್ಲಿ 3,00,000 ಫ್ರಾಂಕಿಗೆ ಶಾಂಪೇನ್ ಉದ್ಯಮಿ ಶ್ರೀಮತಿ ಪೊಮ್ಮೆರಿಯವರ ಕೈಸೇರಿತು. ಆಗ ಮಿಲೆ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಆಕೆಯ ದಾನದಿಂದ ಚಿತ್ರ ಲೂವ್ರ್ ಸಂಗ್ರಹಕ್ಕೆ ಸಂದಿತು. 1986ರಲ್ಲಿ ಓರ್ಸೆ ತೆರೆದಾಗಿನಿಂದ ಅಲ್ಲಿದೆ. ಮಿಲೆಯ ರೈತಚಿತ್ರಗಳನ್ನು ವಿನ್ಸೆಂಟ್ ವ್ಯಾನ್ ಗೋ ಮತ್ತೆ ಮತ್ತೆ ನಕಲಿಸಿ ಅಭ್ಯಾಸ ಮಾಡಿದ. ಮಾರುಕಟ್ಟೆ ಎಸೆದದ್ದನ್ನು ಆಯುವವರ ಕುರಿತು ಆನ್ಯೆಸ್ ವಾರ್ದಾ 2000ದಲ್ಲಿ ತೆಗೆದ ಸಾಕ್ಷ್ಯಚಿತ್ರವೂ ಇದೇ ಚಿತ್ರದಿಂದ ಹೊರಡುತ್ತದೆ.